ಆಶಾ ಅಕ್ಕ ಆರೋಗ್ಯ ಇಲಾಖೆ ಒಳಗಿದಾರಾ, ಹೊರಗಿದಾರಾ? ಅಳೆದು ನೋಡೋದು ಹೇಗೆ

ಯಾವ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋಗಿ ಕೇಳಿದ್ರೂ ಊರಿನ ಮನೆ ಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತೆಯರು, ಅಂದ್ರೆ ಆಶಾಗಳಿಲ್ದೆ ನಮಗೆ ಒಂದು ದಿನಾನೂ ನಡಿಯಲ್ಲ ಅಂತಾರೆ, ಅದು ನಿಜಾನೇ. ಆದ್ರೆ ಅದೇ ಆಶಾ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದವಳನ್ನ ಆಂಬುಲೆನ್ಸಲ್ಲಿ ಕರ್ಕೊಂಡು ತಾಲೂಕು ಆಸ್ಪತ್ರೆಗೆ ಹೋದಾಗ ಅವರಿಗೆ ಕೂರೋಕೆ ಒಂದು ಕುರ್ಚಿ ಸಿಗತ್ತಾ, ಬೆಳಗಿನ ತನಕ ಎಲ್ಲಿರ್ತಾರೆ ಅಂತ ಕೇಳಿ ನೋಡಿ. ಬಹಳ ಜನ ಹೇಳೋದು ಕಾರಿಡಾರ್ ಅಂತ. ವ್ಯವಸ್ಥೆ ಒಳಗೆ ಇರೋದು, ವ್ಯವಸ್ಥೆಗೆ ಬೇಕಾಗಿರೋದು, ಇವೆರಡೂ ಬೇರೆ ಬೇರೆ ಅಂತ ನನಗೆ ಅರ್ಥ ಆಗಿದ್ದು ಈ ಪ್ರಶ್ನೆ ಕೇಳೋಕೆ ಶುರು ಮಾಡಿದ್ಮೇಲೆ.

ಎನ್‌ಜಿಒದಲ್ಲಿ ಕೆಲಸ ಮಾಡೋರು, ಎಂಎಸ್‌ಡಬ್ಲ್ಯೂ ಇಲ್ಲ ಪಬ್ಲಿಕ್ ಹೆಲ್ತ್ ಓದ್ತಿರೋರು, ಗ್ರಾಮ ಪಂಚಾಯ್ತಿ ಸದಸ್ಯರು, ಆಶಾ ಸಂಘಟನೆಯವರು ಇವರಿಗೆಲ್ಲ ಉಪಯೋಗ ಆಗ್ಲಿ ಅಂತ ಇದನ್ನ ಬರೀತಿದೀನಿ. ಒಂದು ಪಿಎಚ್‌ಸಿ, ಮೂರು ವಾರ, ಇಬ್ಬರು ಜನ ಇದ್ರೆ ಸಾಕು, ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ಒಂದು ನೋಟ್‌ಬುಕ್ಕು, ಒಂದು ಎಕ್ಸೆಲ್ ಶೀಟು.

ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. 2005ರಲ್ಲಿ ಎನ್‌ಆರ್‌ಎಚ್‌ಎಂ (ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ) ಬಂದಾಗ ಹಳ್ಳೀಲಿ 1000 ಜನಕ್ಕೆ ಒಬ್ಬರು ಆಶಾ ಅಂತ ಶುರುವಾಯ್ತು, ಈಗ ದೇಶದಲ್ಲಿ ಸುಮಾರು 10 ಲಕ್ಷ, ನಮ್ಮ ಕರ್ನಾಟಕದಲ್ಲಿ 42 ಸಾವಿರದ ಹತ್ತಿರ ಇದಾರೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರೆಲ್ಲರಿಗೂ ಸೇರಿಸಿ ಗ್ಲೋಬಲ್ ಹೆಲ್ತ್ ಲೀಡರ್ಸ್ ಪ್ರಶಸ್ತಿ ಕೊಡ್ತು. ಇಷ್ಟಾದ್ರೂ ಕಾಗದದ ಮೇಲೆ ಇವತ್ತಿಗೂ ಅವರು ಸ್ವಯಂಸೇವಕಿ, ಸಿಗೋದು ಸಂಬಳ ಅಲ್ಲ, ಗೌರವಧನ ಮತ್ತೆ ಪ್ರೋತ್ಸಾಹಧನ. 2013ರಲ್ಲಿ ನಡೆದ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇವರಂಥ ಸ್ಕೀಮ್ ಕೆಲಸಗಾರರನ್ನ (ಸರ್ಕಾರಿ ಯೋಜನೆಗಳಲ್ಲಿ ಗೌರವಧನಕ್ಕೆ ದುಡಿಯೋರನ್ನ) ಕಾರ್ಮಿಕರು ಅಂತ ಗುರುತಿಸಿ ಕನಿಷ್ಠ ವೇತನ ಕೊಡಿ ಅಂತ ಶಿಫಾರಸು ಮಾಡಿತ್ತು, ಅದು ಇನ್ನೂ ಶಿಫಾರಸಾಗೇ ಇದೆ.

ಅಳೆಯೋಕೆ ರೆಡಿಮೇಡ್ ಸಾಧನ ಒಂದಿದೆ, ಸಿಎಚ್‌ಡಬ್ಲ್ಯೂ ಏಮ್ ಅಂತ, ಆಶಾ ಥರದ ಸಮುದಾಯ ಆರೋಗ್ಯ ಕಾರ್ಯಕರ್ತರ ಕಾರ್ಯಕ್ರಮಕ್ಕೆ ಅಂಕ ಹಾಕೋ ಪಟ್ಟಿ. 2011ರಲ್ಲಿ ಮೊದಲು ಬಂತು, 2018ರಲ್ಲಿ ಯುನಿಸೆಫ್, ಯುಎಸ್‌ಏಡ್ ಮತ್ತೆ ಇನ್ನೂ ಕೆಲವರು ಸೇರಿ ಪರಿಷ್ಕರಿಸಿ 15 ಅಂಶ ಇದ್ದದ್ದನ್ನ 10ಕ್ಕೆ ಇಳಿಸಿದ್ರು. ಆಯ್ಕೆ ಮತ್ತು ಪಾತ್ರ, ತರಬೇತಿ, ಪ್ರಮಾಣಪತ್ರ, ಕಿಟ್ಟು ಮತ್ತು ಔಷಧಿ, ಮೇಲ್ವಿಚಾರಣೆ, ಹಣ, ಊರಿನವರ ಪಾಲ್ಗೊಳ್ಳುವಿಕೆ, ಮುಂದೆ ಬೆಳೆಯೋ ಅವಕಾಶ, ಡೇಟಾ, ಕೊನೇದಾಗಿ ಆರೋಗ್ಯ ವ್ಯವಸ್ಥೆ ಜೊತೆ ಕೊಂಡಿ, ಇಷ್ಟು. ಒಂದೊಂದಕ್ಕೂ 1ರಿಂದ 4ರ ತನಕ ಅಂಕ, 1 ಅಂದ್ರೆ ಇಲ್ಲವೇ ಇಲ್ಲ, 4 ಅಂದ್ರೆ ಚೆನ್ನಾಗಿ ನಡೀತಿದೆ. ಚೌಕಟ್ಟು ಒಳ್ಳೇದು, ನಾನೂ ಅದನ್ನೇ ಇಟ್ಕೊಳ್ಳೋದು. ಆದ್ರೆ ಅದನ್ನ ಬಳಸೋ ರೀತೀಲಿ ಒಂದು ತೊಂದರೆ ಇದೆ. ಸಾಮಾನ್ಯವಾಗಿ ಏನು ಮಾಡ್ತಾರೆ ಅಂದ್ರೆ ಜಿಲ್ಲಾ ಮಟ್ಟದಲ್ಲಿ ಒಂದು ಹಾಲಲ್ಲಿ ಎಲ್ಲರನ್ನೂ ಕೂರಿಸಿ, ಅಧಿಕಾರಿಗಳು ಮುಂದಿನ ಸಾಲಲ್ಲಿ, ಆಶಾಗಳು ಹಿಂದಿನ ಸಾಲಲ್ಲಿ, ಮೇಲ್ವಿಚಾರಣೆಗೆ ಎಷ್ಟು ಅಂಕ ಅಂತ ಮೈಕಲ್ಲಿ ಕೇಳ್ತಾರೆ. ಆಗ ಬರೋದು 3 ಅಥವಾ 4. ಮುಂದೆ ಡಾಕ್ಟ್ರು ಕೂತಿರುವಾಗ ಹಿಂದಿಂದ ಎದ್ದು 1 ಅನ್ನೋ ಧೈರ್ಯ ಯಾರಿಗೆ ಬರತ್ತೆ ಹೇಳಿ. ಅದಕ್ಕೆ ನನ್ನ ಪದ್ಧತಿ ಬೇರೆ: ಅಭಿಪ್ರಾಯ ಕೇಳೋದು ಕೊನೆಗೆ, ಮೊದಲು ಕಾಗದ, ತಾರೀಖು, ವಸ್ತು ಇವನ್ನ ಹಿಂಬಾಲಿಸ್ಕೊಂಡು ಹೋಗೋದು, ಅದೂ ಆಶಾ ಅಕ್ಕನ ಮನೆ ಬಾಗಿಲಿಂದ ಶುರು ಮಾಡಿ ಮೇಲಕ್ಕೆ.

ಮೊದಲು ತಯಾರಿ. ಡಿಎಚ್‌ಒ (ಜಿಲ್ಲಾ ಆರೋಗ್ಯ ಅಧಿಕಾರಿ) ಆಫೀಸಿಂದ ಲಿಖಿತ ಅನುಮತಿ ತಗೊಳ್ಳಿ, ಅದಿಲ್ದೆ ಹೋದ್ರೆ ಪಿಎಚ್‌ಸಿ ರಿಜಿಸ್ಟರ್ ಯಾರೂ ತೋರಿಸಲ್ಲ. ಪಿಎಚ್‌ಸಿ ಆಶಾಗಳ ಪೂರ್ತಿ ಪಟ್ಟಿ ತಗೊಂಡು ಅದ್ರಲ್ಲಿ 10 ಜನರನ್ನ ಆರಿಸಿ, ಹೇಗೆ ಅಂದ್ರೆ ಪಿಎಚ್‌ಸಿ ಇರೋ ಊರಿನವರು ಇಬ್ಬರಿಗಿಂತ ಜಾಸ್ತಿ ಬೇಡ, ಬಸ್ಸು ಕಡಿಮೆ ಇರೋ ಊರು, ತಾಂಡಾ, ಹಾಡಿ, ತೋಟದ ಮನೆಗಳಿರೋ ಕಡೆಯವರು ಖಂಡಿತ ಇರ್ಬೇಕು. ಡಾಕ್ಟ್ರೋ ಫೆಸಿಲಿಟೇಟರ್ರೋ (ಆಶಾಗಳ ಮೇಲ್ವಿಚಾರಕಿ) "ಇವರನ್ನ ಮಾತಾಡ್ಸಿ, ಚೆನ್ನಾಗಿ ಮಾತಾಡ್ತಾರೆ" ಅಂತ ಹೆಸರು ಕೊಟ್ರೆ ಥ್ಯಾಂಕ್ಸ್ ಹೇಳಿ ಚೀಟಿ ಎತ್ತೇ ಆರಿಸಿ. ಲಸಿಕೆ ದಿನ ಹೋಗ್ಬೇಡಿ, ನಮ್ಮ ಕಡೆ ಅದು ಹೆಚ್ಚಾಗಿ ಗುರುವಾರ. ಮತ್ತೆ ದಯವಿಟ್ಟು, ಅವರ ಅರ್ಧ ದಿನ ತಗೊಳ್ತೀವಿ ಅಂದ್ರೆ ಆ ಅರ್ಧ ದಿನದ ಕೂಲಿ ಕೊಡಿ, ಬಜೆಟಲ್ಲಿ ಮೊದಲೇ ಹಾಕ್ಕೊಳ್ಳಿ. ಪುಕ್ಕಟೆ ಕೆಲಸ ಎಷ್ಟು ಮಾಡಿಸ್ತಿದಾರೆ ಅಂತ ಅಳೆಯೋಕೆ ಹೋಗಿ ನಾವೇ ಪುಕ್ಕಟೆ ಕೆಲಸ ಮಾಡಿಸೋದು ತಪ್ಪು. ಶೀಟಲ್ಲಿ ಹೆಸರು ಬರೀಬೇಡಿ, ಊರಿನ ಹೆಸರೂ ಬೇಡ, ನಂಬರ್ ಕೊಡಿ, ಯಾಕಂದ್ರೆ 10 ಜನರಲ್ಲಿ ಯಾರು ಏನು ಹೇಳಿದ್ರು ಅಂತ ಕಂಡುಹಿಡಿಯೋದು ಪಿಎಚ್‌ಸೀಲಿ ಬಹಳ ಸುಲಭ.

ಈಗ ಹಣ. ಇದರಿಂದಲೇ ಶುರು ಮಾಡಿ, ಯಾಕಂದ್ರೆ ಪಾಸ್‌ಬುಕ್ ಸುಳ್ಳು ಹೇಳಲ್ಲ. ಅವರು ಒಪ್ಪಿದ್ರೆ ಮಾತ್ರ ಕಳೆದ 6 ತಿಂಗಳ ಪಾಸ್‌ಬುಕ್ಕನ್ನೂ ಕ್ಲೇಮ್ ಫಾರಮ್ಮಿನ ಕಾಪಿಯನ್ನೂ ಪಕ್ಕಪಕ್ಕ ಇಟ್ಕೊಂಡು ಪ್ರತಿ ಐಟಮ್ಮಿಗೆ ನಾಲ್ಕು ತಾರೀಖು ಬರ್ಕೊಳ್ಳಿ: ಕೆಲಸ ಮುಗಿದ ದಿನ, ಫಾರಂ ಕೊಟ್ಟ ದಿನ, ಸಹಿ ಆದ ದಿನ, ಅಕೌಂಟಿಗೆ ಬಂದ ದಿನ. ಎಷ್ಟು ಕ್ಲೇಮ್ ಮಾಡಿದ್ರು, ಎಷ್ಟು ಬಂತು ಅನ್ನೋದು ಇನ್ನೊಂದು ಕಾಲಂ. ಆಮೇಲೆ ಕೆಲಸ ಮುಗಿದ ದಿನದಿಂದ ಹಣ ಬಂದ ದಿನಕ್ಕೆ ಎಷ್ಟು ದಿನ ಆಯ್ತು ಅನ್ನೋ ಸಂಖ್ಯೆಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಮಧ್ಯದ್ದನ್ನ ತಗೊಳ್ಳಿ. ಸರಾಸರಿ ಬೇಡ, ಒಂದೇ ಒಂದು ಕ್ಲೇಮ್ ವರ್ಷಗಟ್ಲೆ ನಿಂತಿದ್ರೆ ಸರಾಸರಿ ಎಲ್ಲೋ ಹೋಗ್ಬಿಡತ್ತೆ. ಬಾರದೇ ಉಳಿದದ್ದನ್ನ ಬೇರೆಯಾಗೇ ಎಣಿಸಿ, ಅದನ್ನ ಬಿಟ್ರೆ ಲೆಕ್ಕ ಸುಂದರವಾಗಿ ಕಾಣತ್ತೆ ಅಷ್ಟೆ.

ಪ್ರೋತ್ಸಾಹಧನದಲ್ಲಿ ಒಂದನ್ನ ಹತ್ತಿರದಿಂದ ನೋಡಿ, ನವಜಾತ ಶಿಶು ಗೃಹಭೇಟಿದು. ಆಸ್ಪತ್ರೇಲಿ ಹೆರಿಗೆ ಆಗಿದ್ರೆ 3, 7, 14, 21, 28, 42ನೇ ದಿನ ಹೀಗೆ ಆರು ಭೇಟಿ, ಎಲ್ಲಾ ಸೇರಿ 250 ರೂಪಾಯಿ, ಅದೂ 42 ದಿನ ಆದ್ಮೇಲೆ, ತೂಕ ಬರೆದಿರ್ಬೇಕು, ಬಿಸಿಜಿ ಮತ್ತೆ ಮೊದಲ ಡೋಸ್ ಲಸಿಕೆಗಳು ಆಗಿರ್ಬೇಕು, ಜನನ ನೋಂದಣಿ ಆಗಿರ್ಬೇಕು, ತಾಯಿ ಮಗು ಇಬ್ಬರೂ ಚೆನ್ನಾಗಿರ್ಬೇಕು. ಈ ಷರತ್ತುಗಳಲ್ಲಿ ಎಷ್ಟು ಆಶಾ ಕೈಲಿದೆ ಯೋಚನೆ ಮಾಡಿ. ಜನನ ನೋಂದಣಿ ಆಸ್ಪತ್ರೆಯವರದ್ದು, ಲಸಿಕೆ ಸಿಸ್ಟರ್‌ದು, ಪೋರ್ಟಲಲ್ಲಿ ಎಂಟ್ರಿ ಇನ್ಯಾರದ್ದೋ. ಅಂದ್ರೆ ಈ 250 ರೂಪಾಯಿ ಅವರ ಅಕೌಂಟಿಗೆ ಸರಿಯಾಗಿ ಬಂದಿದೆ ಅಂದ್ರೆ ಮೂರ್ನಾಲ್ಕು ಕಡೆಯವರು ಒಬ್ಬರಿಗೊಬ್ಬರು ಹೊಂದ್ಕೊಂಡು ಕೆಲಸ ಮಾಡಿದಾರೆ ಅಂತ ಅರ್ಥ, ಬಂದಿಲ್ಲ ಅಂದ್ರೆ ಎಲ್ಲೋ ಒಂದು ಕಡೆ ಕೊಂಡಿ ಕಳಚಿದೆ. ಹುಡುಕಿ, ಯಾವ ಕೊಂಡಿ ಅಂತ ಹೆಸರಿಸಿ.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ನಮ್ಮ ಕಡೆಯದ್ದೇ ಒಂದಿದೆ, ನಾನು ಅದಕ್ಕೆ ತವರುಮನೆ ಪರೀಕ್ಷೆ ಅಂತೀನಿ. ಮೊದಲ ಹೆರಿಗೆಗೆ ಹೆಣ್ಮಕ್ಕಳು ಸೀಮಂತ ಮುಗಿಸ್ಕೊಂಡು ತವರಿಗೆ ಹೋಗ್ತಾರೆ, ಬಾಣಂತನ ಅಲ್ಲೇ, ಮೂರು ತಿಂಗಳೋ ಐದು ತಿಂಗಳೋ ಬಿಟ್ಟು ವಾಪಸ್. ಬಸುರಿ ಅಂತ ಗೊತ್ತಾದ ದಿನದಿಂದ ನೋಂದಣಿ, ತಾಯಿ ಕಾರ್ಡು, ಧನುರ್ವಾಯು ಇಂಜೆಕ್ಷನ್, ಕಬ್ಬಿಣದ ಮಾತ್ರೆ ಎಲ್ಲಾ ನೋಡ್ಕೊಂಡದ್ದು ಗಂಡನ ಊರಿನ ಆಶಾ, ಹೆರಿಗೆಗೆ ಕರ್ಕೊಂಡು ಹೋಗೋದು ತವರೂರಿನ ಆಶಾ, ಆರು ಭೇಟೀನೂ ಅವರದ್ದೇ, ಆಮೇಲೆ 3ನೇ ತಿಂಗಳಿಂದ 15ನೇ ತಿಂಗಳ ತನಕ ಇರೋ ಐದು ಭೇಟಿ ಯಾರ ಪಾಲಿಗೆ ಬರತ್ತೋ ಅದು ಅತ್ತೆ ಮನೆಯವರು ಯಾವಾಗ ಕರ್ಕೊಂಡು ಹೋಗ್ತಾರೆ ಅನ್ನೋದರ ಮೇಲೆ. ಕಳೆದ ವರ್ಷ ತವರಿಗೆ ಬಂದ ಐದು ಜನ, ತವರಿಗೆ ಹೋದ ಐದು ಜನ ಹೀಗೆ 10 ಹೆಸರು ಆಶಾ ಡೈರಿಯಿಂದ ತಗೊಂಡು ಒಂದೊಂದನ್ನೂ ಪೂರ್ತಿ ಹಿಂಬಾಲಿಸಿ. ಇಬ್ಬರು ಆಶಾಗಳಿಗೂ ಒಬ್ಬರ ನಂಬರ್ ಒಬ್ಬರಿಗೆ ಗೊತ್ತಿತ್ತಾ? ಇಲಾಖೆ ಕೊಟ್ಟಿದ್ದಾ, ಮನೆಯವರನ್ನ ಕೇಳಿ ತಗೊಂಡಿದ್ದಾ? ತಾಯಿ ಕಾರ್ಡಿನ ಆರ್‌ಸಿಎಚ್ ನಂಬರ್ (ಸರ್ಕಾರದ ತಾಯಿ-ಮಗು ಪೋರ್ಟಲ್‌ನ ನೋಂದಣಿ ಸಂಖ್ಯೆ) ಹಾಕಿದ್ರೆ ತವರಿನ ಸಿಸ್ಟರ್‌ಗೆ ಹಳೆ ಮಾಹಿತಿ ಕಾಣತ್ತಾ, ಇಲ್ಲ ಹೊಸದಾಗಿ ನೋಂದಣಿ ಮಾಡಿದ್ರಾ? ಇಬ್ಬರಿಗೂ ಅವರವರ ಪಾಲಿನ ಹಣ ಬಂತಾ, ಒಬ್ಬರಿಗೇ ಬಂತಾ, ಯಾರಿಗೂ ಬರ್ಲಿಲ್ವಾ?

ಒಂದ್ಸಲ ಒಂದು ಮನೇಲಿ ಹೀಗೇ ಕೂತಿದ್ವಿ, ಮಗುವಿಗೆ 14ನೇ ದಿನ. ಆಶಾ ಅಕ್ಕ ಕೈ ತೊಳ್ಕೊಂಡು ಮಗುನ ಬಟ್ಟೆ ಜೋಳಿಗೇಲಿ ಹಾಕಿ ತಕ್ಕಡಿಗೆ ತೂಗುಹಾಕಿ, ಅಲ್ಲಾಡೋದು ನಿಲ್ಲೋ ತನಕ ಕಾದು, ತೂಕ ನೋಡಿ ಒಂದು ನಿಮಿಷ ಸುಮ್ಮನಾದ್ರು. ಹುಟ್ಟಿದಾಗ ಎಷ್ಟಿತ್ತು ಅಂತ ತಾಯಿ ಕಾರ್ಡಲ್ಲಿ ಬರ್ದೇ ಇರ್ಲಿಲ್ಲ, ಡಿಸ್ಚಾರ್ಜ್ ಕಾಗದದಲ್ಲಿ ಡಾಕ್ಟರ್ ಕೈಬರಹ ಓದೋಕಾಗ್ಲಿಲ್ಲ. ಮಗು ತೂಕ ಏರ್ತಿದ್ಯೋ ಇಳೀತಿದ್ಯೋ ಅಂತ ಹೇಳೋಕೆ ಅವರ ಹತ್ತಿರ ಇದ್ದದ್ದು ಅಜ್ಜಿಯ ನೆನಪು ಮಾತ್ರ. ಕೆಲಸ ಪೂರ್ತಿ ಬರತ್ತೆ ಅವರಿಗೆ, ತರಬೇತಿ ಆಗಿದೆ, ತಕ್ಕಡಿ ಇದೆ, ಆದ್ರೆ ಆಸ್ಪತ್ರೆಯಿಂದ ಅವರ ಕೈಗೆ ಬರಬೇಕಿದ್ದ ಒಂದು ಸಂಖ್ಯೆ ಬಂದಿಲ್ಲ. ಅದಕ್ಕೆ ನಾನು ಈಗ ಪ್ರತಿ ಮನೇಲೂ ತಾಯಿ ಕಾರ್ಡ್ ತೆಗೆಸಿ ಹುಟ್ಟಿದಾಗಿನ ತೂಕ ಬರ್ದಿದೆಯಾ ಅಂತ ಒಂದೇ ಕಾಲಂ ತುಂಬ್ತೀನಿ, ಹತ್ತರಲ್ಲಿ ಎಷ್ಟು ಅಂತ. ಬಹಳ ಸಣ್ಣ ಅಳತೆ, ತುಂಬಾ ಹೇಳತ್ತೆ.

ರೆಫರಲ್ಲಿಗೂ, ಅಂದ್ರೆ ರೋಗಿಯನ್ನ ಮೇಲಿನ ಆಸ್ಪತ್ರೆಗೆ ಕಳಿಸೋದಕ್ಕೂ, ಇದೇ ರೀತಿ. ಕಳೆದ ಮೂರು ತಿಂಗಳಲ್ಲಿ ಆಶಾಗಳು ಕಳಿಸಿದ 20 ಜನರನ್ನ ತಗೊಳ್ಳಿ, ಬಿಪಿ ಜಾಸ್ತಿ ಇದ್ದವರು, ಕೆಮ್ಮು ಎರಡು ವಾರ ದಾಟಿದವರು, ರಕ್ತ ಕಡಿಮೆ ಇದ್ದ ಬಸುರಿಯರು. ಚೀಟಿ ಕೊಟ್ರಾ, ಆ ವ್ಯಕ್ತಿ ಹೋದ್ರಾ, ಹೋದದ್ದು ಪಿಎಚ್‌ಸಿ ಇಲ್ಲ ತಾಲೂಕು ಆಸ್ಪತ್ರೆ ರಿಜಿಸ್ಟರಲ್ಲಿ ಸಿಕ್ತಾ, ಏನಾಯ್ತು ಅಂತ ಆಶಾಗೆ ಯಾರಾದ್ರೂ ವಾಪಸ್ ಹೇಳಿದ್ರಾ? ಈ ನಾಲ್ಕು ಮೆಟ್ಟಿಲಲ್ಲಿ ಎಷ್ಟೆಷ್ಟು ಜನ ಉಳಿದ್ರು ಅಂತ ಬರೀರಿ. ಕೊನೇ ಮೆಟ್ಟಿಲಲ್ಲಿ ಸಂಖ್ಯೆ ಧೊಪ್ಪಂತ ಬೀಳತ್ತೆ, ನಾನು ನೋಡಿದ ಕಡೆಯೆಲ್ಲ ಹಾಗೇ. ಮೇಲಕ್ಕೆ ಕಳಿಸೋ ದಾರಿ ಇದೆ, ಕೆಳಕ್ಕೆ ಬರೋ ದಾರಿ ಇಲ್ಲ. ಜೊತೆಗೆ ಆ ರಾತ್ರಿ ಪ್ರಶ್ನೆ ಕೇಳೋದು ಮರೀಬೇಡಿ: ಹೆರಿಗೆಗೆ ಜೊತೇಲಿ ಹೋದಾಗ ಒಳಗೆ ಬಿಟ್ರಾ, ಸಿಸ್ಟರ್ ಹೆಸರು ಹಿಡಿದು ಮಾತಾಡಿಸಿದ್ರಾ, ಕೂರೋಕೆ ಮಲಗೋಕೆ ಜಾಗ ಇತ್ತಾ, ಬೆಳಗ್ಗೆ ವಾಪಸ್ ಬರೋಕೆ ಬಸ್ ಚಾರ್ಜ್ ಯಾರದ್ದು? ಆಸ್ಪತ್ರೇಲಿ ಆಶಾ ಕೊಠಡಿ ಅಂತ ಬೋರ್ಡಿದ್ರೆ ಬಾಗಿಲು ತೆಗೆಸಿ ನೋಡಿ, ಒಳಗೆ ಹಾಸಿಗೆ ಇದೆಯೋ ಹಳೇ ಫೈಲುಗಳ ಮೂಟೆ ಇದೆಯೋ.

ಕಿಟ್ಟು ನೋಡೋದು ಸುಲಭ. ಬ್ಯಾಗ್ ತೆಗೆಸಿ ಹಾಸಿಗೆ ಮೇಲೆ ಎಲ್ಲಾ ಇಡಿ: ಥರ್ಮಾಮೀಟರ್, ತಕ್ಕಡಿ, ಓಆರ್‌ಎಸ್, ಜಿಂಕ್, ಪ್ಯಾರಾಸಿಟಮಾಲ್, ಕಬ್ಬಿಣದ ಮಾತ್ರೆ, ಪ್ರೆಗ್ನೆನ್ಸಿ ಟೆಸ್ಟ್ ಕಿಟ್, ನಿರೋಧ್, ಗರ್ಭನಿರೋಧಕ ಗುಳಿಗೆಗಳು. ಇದೆಯಾ, ಕೆಲಸ ಮಾಡತ್ತಾ, ತಾರೀಖು ಮುಗಿದಿದೆಯಾ. ಥರ್ಮಾಮೀಟರ್ ಬ್ಯಾಟರಿ ಸತ್ತು ಸ್ವಂತ ದುಡ್ಡಲ್ಲಿ ಹಾಕ್ಸಿದ್ರೆ ಅದನ್ನೂ ಬರ್ಕೊಳ್ಳಿ. ಓಆರ್‌ಎಸ್ ಖಾಲಿಯಾಗಿ ಎಷ್ಟು ದಿನ ಆಯ್ತು ಅನ್ನೋದನ್ನ ಪಿಎಚ್‌ಸಿ ಸ್ಟೋರ್ ರಿಜಿಸ್ಟರ್ ಜೊತೆ ಹೋಲಿಸಿ, ಸ್ಟೋರಲ್ಲಿ ಇದ್ದೂ ಬ್ಯಾಗಿಗೆ ಬಂದಿಲ್ಲ ಅಂದ್ರೆ ಸಮಸ್ಯೆ ಜಿಲ್ಲೇಲಿಲ್ಲ, ಅಲ್ಲೇ ಇದೆ.

ಡೇಟಾ ವಿಷಯಕ್ಕೆ ಒಂದು ಬಸುರಿ ಹೆಣ್ಣುಮಗಳ ಹೆಸರನ್ನ ಹಿಡ್ಕೊಂಡು ಆಕೆಯ ಮಾಹಿತಿ ಎಷ್ಟು ಕಡೆ ಬರೀತಾರೆ ಅಂತ ಎಣಿಸಿ. ಡೈರಿ, ತಾಯಿ ಕಾರ್ಡು, ಸಿಸ್ಟರ್ ರಿಜಿಸ್ಟರು, ಆನ್‌ಲೈನ್ ಎಂಟ್ರಿ, ಕ್ಲೇಮ್ ಫಾರಂ, ವಾಟ್ಸಪ್ ಗ್ರೂಪಲ್ಲಿ ಕಳಿಸೋ ಫೋಟೋ. ಆಮೇಲೆ ಅದೇ ಮಾಹಿತಿ ಇವರಿಗೆ ಉಪಯೋಗ ಆಗೋ ರೂಪದಲ್ಲಿ ಎಷ್ಟು ಸಲ ವಾಪಸ್ ಬಂತು ಕೇಳಿ, ಈ ತಿಂಗಳು ನಿಮ್ಮೂರಲ್ಲಿ ಯಾರ ಮಗುವಿಗೆ ಯಾವ ಲಸಿಕೆ ಬಾಕಿ ಅನ್ನೋ ಪಟ್ಟಿ ಅವರೇ ಕೈಲಿ ಬರೆದದ್ದಾ, ಸಿಸ್ಟಮ್ಮಿಂದ ಬಂದದ್ದಾ. ಮೊಬೈಲ್ ಯಾರದ್ದು, ರೀಚಾರ್ಜ್ ಯಾರದ್ದು, ಅದೂ ಬರ್ಕೊಳ್ಳಿ. ಹಾಗೇ ಕಳೆದ ತಿಂಗಳು ಆರೋಗ್ಯಕ್ಕೆ ಸಂಬಂಧವೇ ಇಲ್ಲದ ಸರ್ವೆಗೆ ಎಷ್ಟು ದಿನ ಹೋಯ್ತು, ಅದಕ್ಕೆ ಹಣ ಬಂತಾ ಅಂತ ಕೇಳಿ, ಈ ಪ್ರಶ್ನೆಗೆ ಮಾತ್ರ ಎಲ್ಲರೂ ಒಂದೇ ಉಸಿರಲ್ಲಿ ಉತ್ತರ ಕೊಡ್ತಾರೆ.

ತರಬೇತಿ, ಪ್ರಮಾಣಪತ್ರ, ಬೆಳವಣಿಗೆ ಇವಕ್ಕೆ ಹೆಚ್ಚು ಸಮಯ ಬೇಡ. ಆಶಾ ತರಬೇತಿಯ 6 ಮತ್ತು 7ನೇ ಮಾಡ್ಯೂಲ್ ಆಗಿದೆಯಾ, ಪ್ರಮಾಣಪತ್ರಕ್ಕೆ ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಪರೀಕ್ಷೆ ಬರೆದಿದಾರಾ, ಎಎನ್‌ಎಂ ನರ್ಸಿಂಗ್ ಕೋರ್ಸಿಗೆ ಈ ಪಿಎಚ್‌ಸಿಯಿಂದ ಯಾರಾದ್ರೂ ಹೋಗಿದಾರಾ. ಮೇಲ್ವಿಚಾರಣೆಗೆ ಒಂದೇ ಪ್ರಶ್ನೆ, ಫೆಸಿಲಿಟೇಟರ್ ಇಲ್ಲ ಸಿಸ್ಟರ್ ನಿಮ್ಮ ಜೊತೆ ಒಂದು ಮನೆಗೆ ಬಂದು ನೀವು ಮಾಡೋದು ನೋಡಿ ಕಲಿಸಿದ್ದು ಕೊನೇಸಲ ಯಾವಾಗ. ಟಾರ್ಗೆಟ್ ಕೇಳೋಕೆ ಫೋನ್ ಮಾಡಿದ್ದು ಲೆಕ್ಕಕ್ಕಿಲ್ಲ. ಊರಿನ ಕಡೆಯಿಂದ ಗ್ರಾಮ ಆರೋಗ್ಯ ನೈರ್ಮಲ್ಯ ಸಮಿತಿ ನಡಾವಳಿ ಪುಸ್ತಕ ತೆಗೆಸಿ, ಸಹಿಗಳೆಲ್ಲ ಒಂದೇ ಪೆನ್ನಲ್ಲಿ ಒಂದೇ ದಿನ ಹಾಕಿದಂಗಿದ್ರೆ ಸಭೆ ನಡೆದಿಲ್ಲ ಅಂತ ಗೊತ್ತಾಗತ್ತೆ.

ಅಂಕ ಹಾಕೋದು ಹೀಗೆ. ಮೂರು ಗುಂಪು ಬೇರೆ ಬೇರೆ ಕೂರಿಸಿ, ಆಶಾಗಳು ಒಂದು ಕಡೆ, ಸಿಸ್ಟರ್‌ಗಳು ಸಿಎಚ್‌ಒಗಳು (ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳು) ಒಂದು ಕಡೆ, ಮೆಡಿಕಲ್ ಆಫೀಸರ್ ಮತ್ತೆ ತಾಲೂಕಿನವರು ಒಂದು ಕಡೆ. ಪ್ರತಿ ಗುಂಪೂ ಹತ್ತಕ್ಕೂ ಅಂಕ ಕೊಡ್ಲಿ. ಆಮೇಲೆ ನೀವು ತಂದ ಪುರಾವೆ ಪಕ್ಕದಲ್ಲಿಡಿ. ಒಂದು ನಿಯಮ ಇಟ್ಕೊಳ್ಳಿ: ಪುರಾವೆ ಇಲ್ಲದ ಅಂಕ 2 ದಾಟೋ ಹಾಗಿಲ್ಲ. ಹತ್ತನ್ನೂ ಕೂಡಿ ಒಟ್ಟು 27 ಬಂತು ಅಂತ ಹೇಳ್ಬೇಡಿ, ತರಬೇತಿಗೆ 4 ಬಂದದ್ದು ಹಣಕ್ಕೆ 1 ಬಂದದ್ದನ್ನ ಮುಚ್ಚಿಹಾಕತ್ತೆ. ಒಂದೇ ವಿಷಯಕ್ಕೆ ಡಾಕ್ಟ್ರು 4, ಆಶಾಗಳು 1 ಕೊಟ್ಟಿದ್ರೆ ಆ ಅಂತರಾನೇ ನಿಮಗೆ ಸಿಕ್ಕ ಅತಿ ಮುಖ್ಯ ಅಳತೆ, ಅದನ್ನ ವರದಿ ಮೊದಲ ಪುಟಕ್ಕೆ ಹಾಕಿ.

4 ಅಂದ್ರೆ ಹೇಗಿರತ್ತೆ ಅಂತ ಗೊತ್ತಿಲ್ದೆ ಇದ್ರೆ ಎಲ್ಲರೂ ಇರೋದಕ್ಕೇ 3 ಕೊಡ್ತಾರೆ, ಅದಕ್ಕೆ ಬೇರೆ ದೇಶದ ಉದಾಹರಣೆ ಮೊದಲೇ ಹೇಳಿ. ಇಥಿಯೋಪಿಯಾದಲ್ಲಿ 2003ರಿಂದ ಶುರುವಾದ ಕಾರ್ಯಕ್ರಮದಲ್ಲಿ ಹೆಣ್ಮಕ್ಕಳಿಗೆ ಒಂದು ವರ್ಷದ ತರಬೇತಿ ಕೊಟ್ಟು ಸರ್ಕಾರಿ ಸಂಬಳದ ಮೇಲೆ ಹೆಲ್ತ್ ಪೋಸ್ಟಿಗೆ ಇಬ್ಬರಂತೆ ಹಾಕಿದ್ರು. ಪಾಕಿಸ್ತಾನದ ಲೇಡಿ ಹೆಲ್ತ್ ವರ್ಕರ್‌ಗಳು 1994ರಿಂದ ದುಡೀತಿದ್ದವರು ಹೋರಾಟ ಮಾಡಿ 2012ರಲ್ಲಿ ಸುಪ್ರೀಂ ಕೋರ್ಟ್ ಮೂಲಕ ಖಾಯಂ ಆದೇಶ ಪಡೆದ್ರು. ಬ್ರೆಜಿಲಲ್ಲಿ 2022ರ ಸಂವಿಧಾನ ತಿದ್ದುಪಡಿ ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕನಿಷ್ಠ ವೇತನದ ಎರಡು ಪಟ್ಟಿಗಿಂತ ಕಡಿಮೆ ಇಲ್ಲದ ಸಂಬಳ ಅಂತ ಬರೆದಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯ 15 ಶಿಫಾರಸುಗಳಲ್ಲೂ ಒಂದು ನೇರವಾಗೇ ಹೇಳತ್ತೆ, ಬರೀ ಅಥವಾ ಬಹುಪಾಲು ಮಾಡಿದ ಕೆಲಸ ಎಣಿಸಿ ಹಣ ಕೊಡೋ ಪದ್ಧತಿ ಬೇಡ ಅಂತ. ನಮ್ಮಲ್ಲಿ ಕೇಂದ್ರದ ಮಾಸಿಕ ಪ್ರೋತ್ಸಾಹಧನ 2018ರಲ್ಲಿ 1000ದಿಂದ 2000 ಆಯ್ತು, 2025ರಲ್ಲಿ 3500ಕ್ಕೆ ಏರಿಸೋ ತೀರ್ಮಾನ ಆಯ್ತು, ರಾಜ್ಯದ್ದು 5000 ಗೌರವಧನ ಬೇರೆ. 2025ರ ಜನವರಿ ಚಳೀಲಿ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ನಾಲ್ಕು ದಿನ ರಾತ್ರಿ ಹಗಲು ಕೂತು, ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10 ಸಾವಿರ ಅನ್ನೋ ಭರವಸೆ ಪಡ್ಕೊಂಡು ಎದ್ದು ಹೋದ್ರಲ್ಲ, ಆ ಭರವಸೆ ನಿಮ್ಮ ಪಿಎಚ್‌ಸೀಲಿ ಎಷ್ಟರ ಮಟ್ಟಿಗೆ ನಿಜ ಆಗಿದೆ ಅಂತ ನಿಮ್ಮ ಪಾಸ್‌ಬುಕ್ ಕಾಲಂ ಹೇಳ್ಬೇಕು. ಹಣದ ಸಾಲಿನ ಪಕ್ಕ ಅದಕ್ಕೊಂದು ಜಾಗ ಬಿಡಿ.

ಫಲಿತಾಂಶ ಮೊದಲು ತೋರಿಸ್ಬೇಕಾಗಿರೋದು ಆಶಾಗಳಿಗೇ. ನಾನು ಮೊದಲ ಸಲ ಮಾಡಿದಾಗ ಇದನ್ನ ಮಾಡ್ಲಿಲ್ಲ, ವರದಿ ಸೀದಾ ಮೇಲಿನ ಆಫೀಸಿಗೆ ಕೊಟ್ಟೆ. ಅಲ್ಲಿಂದ ಪಿಎಚ್‌ಸಿಗೆ ಬಂದದ್ದು ಯಾರು ಕಂಪ್ಲೇಂಟ್ ಹೇಳಿದ್ದು ಅನ್ನೋ ವಿಚಾರಣೆ, ಇಬ್ಬರು ಅಕ್ಕಂದಿರು ಎಲ್ಲರ ಮುಂದೆ ಬೈಸ್ಕೊಂಡ್ರು. ಅವರಲ್ಲಿ ಒಬ್ಬರು ಆಮೇಲೆ ನನ್ನ ಫೋನ್ ಎತ್ತಲಿಲ್ಲ, ನನಗೆ ಇವತ್ತಿಗೂ ಅದು ಚುಚ್ಚತ್ತೆ. ಈಗ ಆಶಾಗಳ ಜೊತೆ ಕೂತು ಓದಿ, ಯಾವ ಸಾಲು ಹೋಗ್ಬೇಕು ಯಾವ್ದು ಬೇಡ ಅಂತ ಅವರೇ ಹೇಳಿದ್ಮೇಲೆ ಟಿಎಚ್‌ಒ (ತಾಲೂಕು ಆರೋಗ್ಯ ಅಧಿಕಾರಿ) ಹತ್ತಿರ ಹೋಗ್ತೀನಿ, ಹೋಗುವಾಗ ಹತ್ತು ಬೇಡಿಕೆ ತಗೊಂಡು ಹೋಗಲ್ಲ, ಆ ಪಿಎಚ್‌ಸಿ ಮಟ್ಟದಲ್ಲೇ ಒಂದು ತಿಂಗಳಲ್ಲಿ ಸರಿ ಮಾಡಬಹುದಾದ ಎರಡು ಮಾತ್ರ. ಡಿಸ್ಚಾರ್ಜ್ ಆಗುವಾಗ ತಾಯಿ ಕಾರ್ಡಲ್ಲಿ ತೂಕ ಬರೆಯೋದು, ಕ್ಲೇಮ್ ಫಾರಂ ತಗೊಂಡದ್ದಕ್ಕೆ ತಾರೀಖು ಹಾಕಿ ಸ್ವೀಕೃತಿ ಕೊಡೋದು, ಇಂಥವು. ಆರು ತಿಂಗಳು ಬಿಟ್ಟು ಅದೇ 10 ಮನೆಗೆ ಮತ್ತೆ ಹೋಗಿ, ಅದೇ ಕಾಲಂಗಳು, ಅದೇ ಪಾಸ್‌ಬುಕ್ಕು, ಅದೇ ಬ್ಯಾಗು. ಹೋಗೋ ಮುಂಚೆ ಫೋನ್ ಮಾಡಿ, ಅವತ್ತು ಯಾರಿಗಾದ್ರೂ ಹೆರಿಗೆ ದಿನ ಹತ್ತಿರ ಇದೆಯಾ ಅಂತ ಕೇಳ್ಕೊಂಡು ಹೋಗಿ.